ಹಚ್ಚೆ ಕೈಯ ಐವತ್ತೆರಡು ಉತ್ತರಗಳು

"ನೋಡ್ದೆ ಅಂತ ಬರೀಬೇಕಂದ್ರ ಮೊದಲ ನೋಡ್ಬೇಕು ಅಂಬಕ್ಕ! ಕಣ್ಣು ಮುಚ್ಚಿ ಬರ್ಯಾಕ ನಾನೇನು ಹೆಬ್ಬೆಟ್ಟು ಒತ್ತಾಕ ಬಂದೀನೇನು?"

"ಒದರಬ್ಯಾಡ. ಕಿವಿ ಅದಾವ ನನಗ."

"ಕಿವಿ ಅದಾವ, ಕಣ್ಣಿಲ್ಲ. ಮುಂಜಾನಿ ಎಂಟಕ್ಕ ಮುನ್ನೂರಾ ನಲವತ್ತು ಕೆಂಪು ಗುರುತು ಇದ್ವು. ನಾ ಚಾ ಕುಡದು ಬರೋದ್ರಾಗ ಒಂದೂ ಇಲ್ಲ. ಎಲ್ಲಿ ಹೋದ್ವು? ಇಲಿ ತಿಂದ್ವಾ?"

"ಬರೇ ಚುಕ್ಕಿ ವ್ಯತ್ಯಾಸಪ್ಪ ಅವು! ಹಳೇದು ಮೂವತ್ತೇಳು ಅಂತ ಬರೀತಿತ್ತು. ಹೊಸದು ಮೂವತ್ತೇಳು ಪಾಯಿಂಟ್ ಸೊನ್ನೆ ಅಂತ ಬರೀತದ. ಅಷ್ಟಕ್ಕ ಕೆಂಪು ಬಂದಿತ್ತು. ನಲವತ್ತು ತೆರದು ನೋಡೀನಿ, ನಲವತ್ತೂ ಹಂಗ ಅದಾವ."

"ಉಳದ ಮುನ್ನೂರು?"

ಅಂಬಮ್ಮ ಪರದೆಯ ಕಡೆ ತಿರುಗಿದಳು. ಮೌನೇಶ ಹೆಲ್ಮೆಟ್ಟನ್ನು ಮೇಜಿನ ಮೇಲೆ ಕುಕ್ಕಿದ. ಆ ಸದ್ದಿಗೆ ಗೋದಾಮಿನ ತೊಲೆಯ ಮೇಲಿದ್ದ ಪಾರಿವಾಳಗಳು ಹಾರಿ ಇನ್ನೊಂದು ತೊಲೆಗೆ ಕೂತವು.

ರಾಯಚೂರಿನ ಹಳೆಯ ಹತ್ತಿ ಮಿಲ್ಲಿನ ಗೋದಾಮು ಅದು. ಹತ್ತಿ ಹೋಗಿ ಇಪ್ಪತ್ತು ವರ್ಷವಾಗಿದ್ದರೂ ಗೋಡೆಯ ಸಂದಿಗಳಲ್ಲಿ ಅರಳೆಯ ಎಳೆ ಇನ್ನೂ ಸಿಕ್ಕಿಕೊಂಡಿತ್ತು. ಈಗ ಅಲ್ಲಿ ಎಂಟು ಕಂಪ್ಯೂಟರ್ ಪರದೆ, ನಾಲ್ಕು ಕುರ್ಚಿ, ಒಂದು ನೀರಿನ ಹರವಿ. ಇನ್ನೂರಾ ಹದಿನಾಲ್ಕು ಹಳ್ಳಿಗಳ ತಂಪುಮನೆಗಳನ್ನು ನಡೆಸುತ್ತಿದ್ದದ್ದು ಈ ಕೋಣೆಯಿಂದ.

ತಂಪುಮನೆ ಯಾಕೆ ಬಂತು ಅನ್ನುವುದನ್ನು ಈ ಸೀಮೆಯಲ್ಲಿ ಯಾರಿಗೂ ಹೇಳಬೇಕಾಗಿಲ್ಲ. ಬರೀ ಬಿಸಿಲಾದರೆ ಇಲ್ಲಿನ ಜನ ತಡೆದುಕೊಳ್ಳುತ್ತಾರೆ. ಆದರೆ ಏಳು ವರ್ಷದ ಹಿಂದೆ ಬಂದದ್ದು ಒದ್ದೆ ಕಾವು. ಗಾಳಿಯಲ್ಲಿ ತೇವ ತುಂಬಿ, ಮೈಯ ಬೆವರು ಆರುವುದೇ ಇಲ್ಲ. ಬೆವರು ಆರದಿದ್ದರೆ ಒಳಗಿನ ಕಾವು ಹೊರಗೆ ಹೋಗುವುದಿಲ್ಲ. ಗಟ್ಟಿಮುಟ್ಟಾದ ಆಳು ನೆರಳಿನಲ್ಲಿ, ಫ್ಯಾನಿನ ಕೆಳಗೆ, ನೀರು ಕುಡಿಯುತ್ತಲೇ ಐದಾರು ತಾಸಿನಲ್ಲಿ ಸಾಯುತ್ತಾನೆ. ಅಂಬಮ್ಮನ ಗಂಡ ದೊಡ್ಡಬಸವ ಸತ್ತದ್ದು ಹಾಗೆಯೇ. ಕಾಲುವೆ ಕೆಲಸಕ್ಕೆ ಹೋದವನು ಬೇವಿನ ಗಿಡಕ್ಕೆ ಒರಗಿ ಕೂತಿದ್ದ. ಕೈಯಲ್ಲಿ ಅರ್ಧ ಬಾಟಲಿ ನೀರು ಹಾಗೇ ಇತ್ತು.

ಆಮೇಲೆ ಹಳ್ಳಿಗೊಂದು ತಂಪುಮನೆ ಕಟ್ಟಿದರು. ನೆಲದೊಳಗೆ ಅರ್ಧ ಹೂತ ಕೋಣೆ, ಬ್ಯಾಟರಿಯ ಮೇಲೆ ಓಡುವ ತಂಪು ಯಂತ್ರ. ಅರವತ್ತು ಎಪ್ಪತ್ತು ಜನಕ್ಕೆ ಮಾತ್ರ ಜಾಗ; ಊರಿನಲ್ಲಿ ಐನೂರು ಜನ. ಮೊದಲ ಬೇಸಿಗೆಯಲ್ಲಿ ಯಾರ ರಟ್ಟೆ ಗಟ್ಟಿಯೋ ಅವರು ಒಳಗೆ ಕೂತರು, ಉಳಿದವರು ಬಾಗಿಲು ಬಡಿದರು. ಒಂದೂರಿನಲ್ಲಿ ಬಾಗಿಲು ಮುರಿದರು. ಮುರಿದ ಬಾಗಿಲಿನಿಂದ ತಂಪು ಹೊರಟುಹೋಗಿ ಒಳಗಿದ್ದವರೂ ಸತ್ತರು.

ಆಗ ಹುಟ್ಟಿದ್ದು 'ಪಾಳಿ' ಎಂಬ ತಂತ್ರಾಂಶ. ಊರಿನವರೆಲ್ಲರ ಕೈಗೆ ಒಂದು ಕಡಗ. ಅದು ಚರ್ಮದ ಕಾವು, ನಾಡಿಯ ಬಡಿತ ಓದಿ ಕಳಿಸುತ್ತದೆ. ಯಾರ ಮೈ ಯಾವಾಗ ಕೈಕೊಡುತ್ತದೆ ಎಂದು ಲೆಕ್ಕ ಹಾಕಿ, ಯಾರು ಒಳಗೆ ಬರಬೇಕು, ಯಾರು ಸಾಕಷ್ಟು ತಣಿದರು, ಯಾರು ಎದ್ದು ಜಾಗ ಬಿಡಬೇಕು ಎಂದು ಪಾಳಿ ಹೇಳುತ್ತದೆ. ಏಳಬೇಕಾದವರ ಕಡಗ ಮೂರು ಸಲ ನಡುಗುತ್ತದೆ. ಗೌಡನಾಗಲಿ ಕೂಲಿಯವನಾಗಲಿ, ನಡುಗಿದರೆ ಏಳಬೇಕು. ಅಂಬಮ್ಮ ಹಳ್ಳಿ ಹಳ್ಳಿ ತಿರುಗಿ ಇದೊಂದನ್ನು ಜನರ ತಲೆಗೆ ತುಂಬಿದ್ದಳು. "ಕಡಗ ಹೇಳ್ದಂಗ ಕೇಳ್ರಿ. ಅದಕ್ಕ ನಿಮ್ಮ ಮುಖ ಗೊತ್ತಿಲ್ಲ, ಜಾತಿ ಗೊತ್ತಿಲ್ಲ. ಏಳು ಅಂದ್ರ ಏಳ್ರಿ." ಜನ ಕೇಳಿದರು. ಸಾವುಗಳು ನಿಂತವು.

ಪಾಳಿಯನ್ನು ಬರೆದದ್ದು ಯಾವ ಕಂಪನಿಯೂ ಅಲ್ಲ. ಹನ್ನೆರಡು ಜನ ಸೇರಿ ಬರೆದರು, ಅಂತರ್ಜಾಲದಲ್ಲಿ ಎಲ್ಲರೂ ಓದುವಂತೆ, ತಿದ್ದುವಂತೆ ಬಿಚ್ಚಿಟ್ಟರು. ಯಾರು ಬೇಕಾದರೂ ನೋಡಬಹುದು ಎಂದು ಭಾಷಣಗಳಲ್ಲಿ ಹೇಳಿಕೊಂಡರು. ನೋಡುವವರು ಮಾತ್ರ ವರ್ಷ ವರ್ಷ ಕಡಿಮೆಯಾಗಿ ಈಗ ಮೂವರು ಉಳಿದಿದ್ದರು: ಪಾಲಿಟೆಕ್ನಿಕ್ ಓದಿದ್ದ ಅಂಬಮ್ಮ, ಕಡಗದ ಕೆಲಸವನ್ನು ಬೆರಳ ತುದಿಯಲ್ಲಿಟ್ಟುಕೊಂಡಿದ್ದ ಮೌನೇಶ, ಮತ್ತು ಇವರಿಬ್ಬರೂ ಮುಖಾಮುಖಿ ಒಮ್ಮೆಯೂ ಕಂಡಿರದ ಕುಂದಾಪುರದ ನಿವೃತ್ತ ಮೇಷ್ಟ್ರು ಶೀನ ಶೇರಿಗಾರರು.

ಪಾಳಿಗೆ ಒಂದೇ ಕಟ್ಟಳೆ. ಯಾವ ಬದಲಾವಣೆಯಾದರೂ ಇಬ್ಬರು ನೋಡಿರಬೇಕು. ನೋಡಿದ ಮೇಲೆ ಕೆಳಗೆ 'ನೋಡ್ದೆ' ಎಂದು ಬರೆಯಬೇಕು. ಇಬ್ಬರ 'ನೋಡ್ದೆ' ಬೀಳುವ ತನಕ ಬದಲಾವಣೆ ಹಳ್ಳಿಗಳಿಗೆ ಇಳಿಯುವುದಿಲ್ಲ.

ಅವತ್ತಿನ ಜಗಳದ ಮೂಲ ಗುಮಾಸ್ತ. ಗುಮಾಸ್ತ ಮನುಷ್ಯನಲ್ಲ, ಒಂದು ಸಲಕರಣೆ. ಅವರೇ ಇಟ್ಟ ಅಡ್ಡಹೆಸರು. ಪಾಳಿಯ ಸ್ವಂತ ಬರಹ ಆರು ಸಾವಿರ ಸಾಲು. ಅದು ನಿಂತಿರುವುದು ಬೇರೆ ಬೇರೆ ದೇಶದ ಅಪರಿಚಿತರು ಬರೆದಿಟ್ಟ ಒಂಬೈನೂರು ಸಣ್ಣ ಪ್ಯಾಕೇಜುಗಳ ಮೇಲೆ. ಒಂದು ದಿನಾಂಕ ಎಣಿಸುತ್ತದೆ, ಒಂದು ಸರಾಸರಿ ಹಾಕುತ್ತದೆ, ಒಂದು ಸಂದೇಶ ಕಳಿಸುತ್ತದೆ. ಬರೆದವರು ಅವನ್ನು ತಿದ್ದುತ್ತಲೇ ಇರುತ್ತಾರೆ. ಪ್ರತಿ ಸೋಮವಾರ ಗುಮಾಸ್ತ ಈ ಒಂಬೈನೂರನ್ನೂ ತಿರುಗಿ ಬಂದು, ಹೊಸದು ಏನಿದೆಯೋ ತಂದು ಜೋಡಿಸಿ, ಪಾಳಿಗೆ ಪರೀಕ್ಷೆ ಕೊಡುತ್ತದೆ. ಪ್ರಶ್ನೆಗಳೂ ಇವೆ, ಸರಿಯುತ್ತರಗಳ ಪಟ್ಟಿಯೂ ಇದೆ. ಪಾಳಿಯ ಉತ್ತರ ಪಟ್ಟಿಗೆ ಹೊಂದಿದರೆ ಹಸಿರು ಗುರುತು, ಹೊಂದದಿದ್ದರೆ ಕೆಂಪು.

ಹಳೆಯ ಗುಮಾಸ್ತ ಬುಧವಾರದಿಂದ ನಡೆಯುವುದಿಲ್ಲ, ಹೊಸದಕ್ಕೆ ಬದಲಾಯಿಸಿಕೊಳ್ಳಿ ಎಂದು ಸೂಚನೆ ಬಂದು ಎರಡು ತಿಂಗಳಾಗಿತ್ತು. ಇವರು ಮುಂದೂಡುತ್ತ ಬಂದಿದ್ದರು. ಗುಮಾಸ್ತ ನಿಂತರೆ ಪ್ಯಾಕೇಜುಗಳು ಹಳತಾಗುತ್ತವೆ, ಹಳತರಲ್ಲಿ ಬಿರುಕು ಬಿದ್ದರೆ ಕಳ್ಳರು ನುಗ್ಗುತ್ತಾರೆ. ಚಳಿಗಾಲದಲ್ಲಿ ಎಲ್ಲೋ ದೂರದ ಊರಿನ ನೀರಿನ ಪಂಪುಗಳನ್ನು ಹಾಗೆಯೇ ಕೆಡಿಸಿದ್ದರು. ಆ ಭಯ ಅಂಬಮ್ಮನಿಗಿತ್ತು. ಭಯ ಸುಳ್ಳಲ್ಲ.

ಹೊಸ ಗುಮಾಸ್ತನನ್ನು ಅವಳು ಅವತ್ತು ಬೆಳಿಗ್ಗೆ ಏಳಕ್ಕೆ ಕೂರಿಸಿದಳು. ಅದು ಬಂದದ್ದೇ ಅರವತ್ತೊಂದು ಪ್ಯಾಕೇಜನ್ನು ಒಟ್ಟಿಗೆ ಬದಲಾಯಿಸಿತು. ಮುನ್ನೂರಾ ನಲವತ್ತು ಕೆಂಪು. ನಲವತ್ತನ್ನು ತೆರೆದು ನೋಡುವಷ್ಟರಲ್ಲಿ ಕಣ್ಣು ಉರಿಯತೊಡಗಿತು. ಆಗ ಹೊಸ ಗುಮಾಸ್ತ ಒಂದು ಪ್ರಶ್ನೆ ಕೇಳಿತು. ಹಳೆಯದು ಯಾವತ್ತೂ ಕೇಳಿರದ ಪ್ರಶ್ನೆ: 'ಸರಿಯುತ್ತರಗಳ ಪಟ್ಟಿಯನ್ನೂ ಹೊಸದಾಗಿ ಬರೆಯಲೇ?'

ಅಂಬಮ್ಮ ಹೌದು ಅಂದಳು.

"ಅಂದ್ರ, ಪರೀಕ್ಷಾ ಬರ್ಯೋನ ಕೈಗೇ ಉತ್ತರದ ಹಾಳಿ ಕೊಟ್ಟು, ನಿನಗ ಬೇಕಾದಂಗ ತಿದ್ದಿಕೊಳ್ಳಪ್ಪಾ ಅಂದಂಗಾತು," ಅಂದ ಮೌನೇಶ. "ನನಗ ಎರಡು ದಿನ ಕೊಡು. ಮುನ್ನೂರೂ ಓದ್ತೀನಿ."

"ನೀ ಓದಿ ಮುಗಿಸೋದ್ರಾಗ ಬ್ಯಾಸಗಿ ಮುಗೀತದ. ನಾಡಿದ್ದು ಗುಮಾಸ್ತ ನಿಲ್ತದ ಮೌನ್ಯಾ. ಎರಡು ತಿಂಗಳು ಬಾಯಿ ಮುಚ್ಚಿಕೊಂಡಿದ್ದಿ. ಈಗ ಬಂದು ಶಾಣ್ಯಾತನ ತೋರಸ್ತಿ."

"ಶಾಣ್ಯಾತನ ಅಲ್ಲ ಇದು, ಅಂಜಿಕಿ."

"ಅಂಜಿಕಿ ಇದ್ರ ಮನ್ಯಾಗ ಹೊಚ್ಚಿಕೊಂಡು ಮಲಕ್ಕೋ. ಹೆಂಡತಿ ಹಂಗ ಅಂತ ಬಿಟ್ಟುಹೋದ್ಳು, ಎಲ್ಲಾದ್ರಾಗೂ ಹುಳುಕು ಹುಡುಕ್ತಿ ಅಂತ."

ಆಡಬಾರದ ಮಾತು. ಆಡಿದ ಮೇಲೆ ಅಂಬಮ್ಮನಿಗೂ ಗೊತ್ತಾಯಿತು. ಮೌನೇಶ ಹೆಲ್ಮೆಟ್ಟು ಎತ್ತಿಕೊಂಡ. "ನಾ ನೋಡ್ದೆ ಅಂತ ಬರ್ಯಂಗಿಲ್ಲ. ನೀ ಯಾರ ಕಡೀಂದ ಬರಿಸ್ತಿಯೋ ಬರಿಸ್ಕೋ. ಗುಂಜಳ್ಳಿ ಯಂತ್ರ ಕೆಟ್ಟದಂತ, ರಿಪೇರಿಗೆ ಹೊಂಟೀನಿ. ಅಲ್ಲೇ ಇರ್ತೀನಿ." ಬೈಕಿನ ಸದ್ದು ಮಿಲ್ಲಿನ ಗೇಟು ದಾಟಿ ಹೋಯಿತು.

ಅಂಬಮ್ಮ ಸಿಟ್ಟಿನಲ್ಲಿ ಶೇರಿಗಾರರಿಗೆ ಸಂದೇಶ ಕಳಿಸಿದಳು. ಒಂದು ನಿಮಿಷ ನಲವತ್ತು ಸೆಕೆಂಡಿಗೆ ಉತ್ತರ ಬಂತು. "ನೋಡ್ದೆ. ಇಲ್ಲಿ ಮೊಮ್ಮಗಳನ್ನು ತೊಟ್ಟಿಲಿಗೆ ಹಾಕುವ ಗೌಜಿ ಮಾರಾಯ್ತಿ. ನೀವು ಮಾಡಿದ್ದು ಅಂದ್ರೆ ಸರಿಯೇ ಇರ್ತದೆ." ಅವಳದೂ ಸೇರಿ ಎರಡು 'ನೋಡ್ದೆ' ಬಿದ್ದವು. ಬದಲಾವಣೆ ಇನ್ನೂರಾ ಹದಿನಾಲ್ಕು ಹಳ್ಳಿಗೆ ಇಳಿಯಿತು.

*

ಸಂಜೆ ಅವಳು ಕಲ್ಲಗೋನಾಳಕ್ಕೆ, ಮನೆಗೆ ಬಂದಾಗ ಅತ್ತೆ ತಾಯಮ್ಮ ಕಟ್ಟೆಯ ಮೇಲೆ ಕೂತು ಪುಂಡಿಪಲ್ಲೆ ಸೋಸುತ್ತಿದ್ದಳು. ಮಗ ಸತ್ತ ಮೇಲೆ ಅತ್ತೆ ಸೊಸೆ ಇಬ್ಬರೇ. ತವರಿಗೆ ಹೋಗು, ಇನ್ನೊಂದು ಮದುವೆಯಾಗು ಎಂದು ತಾಯಮ್ಮನೇ ಎರಡು ವರ್ಷ ಬೈದಿದ್ದಳು. ಅಂಬಮ್ಮ ಹೋಗಲಿಲ್ಲ. ಹೋಗದ್ದಕ್ಕೆ ತಾಯಮ್ಮನಿಗೆ ಒಳಗೊಳಗೇ ಸಂತೋಷ, ಮೇಲೆ ಮಾತ್ರ ಬೈಗುಳ.

"ಮಾರಿ ಯಾಕ ಹಂಗ ಮಾಡೀದಿ? ಯಾರ ಕೂಡ ಜಗಳಾಡಿ ಬಂದಿ?"

"ಮೌನೇಶನ ಕೂಡ."

"ನಿನ್ನ ಬಾಯಿ ಸುಮ್ಮನಿರಂಗಿಲ್ಲ. ಆ ಹುಡುಗ ಛಲೋ ಅದಾನ. ನನ್ನ ಕೈ ಹಿಡಕೊಂಡು ಒಂದು ತಾಸು ಕುಂತಿದ್ದ ಅವತ್ತು, ಆಯಿ ಅಲುಗಾಡಬ್ಯಾಡ, ಆಯಿ ಅಲುಗಾಡಬ್ಯಾಡ ಅಂತ. ನನ್ನ ಮಗ ಸುದ್ದಾ ಅಷ್ಟೊತ್ತು ಕೈ ಹಿಡಿದಿರಲಿಲ್ಲ."

ತಾಯಮ್ಮನ ಬಲಗೈ ಮಣಿಕಟ್ಟಿನಿಂದ ಮೊಣಕೈವರೆಗೆ ಹಚ್ಚೆ. ಏಳು ವರ್ಷದವಳಿದ್ದಾಗ ಹಚ್ಚೆ ಹಾಕುವವಳು ಅಂಗಳದಲ್ಲಿ ಕೂರಿಸಿಕೊಂಡು ಸೂಜಿಯಿಂದ ಚುಚ್ಚಿದ್ದು. ಮಣಿಕಟ್ಟಿನ ಮೇಲೆ ಒಂದು ಚೇಳು, ಅದರ ಮೇಲೆ ತೊಟ್ಟಿಲು, ಸುತ್ತ ಚುಕ್ಕಿಗಳು. ಎಡಗೈ ಪೂರ್ತಿ ತವರಿನ ಹೆಸರುಗಳು. ಕಡಗ ಚರ್ಮದ ಮೇಲೆ ಹಸಿರು ಬೆಳಕು ಬಿಟ್ಟು ನಾಡಿ ಓದುತ್ತದೆ. ಆ ಬೆಳಕನ್ನು ಹಚ್ಚೆಯ ಮಸಿ ನುಂಗಿಬಿಡುತ್ತದೆ. ನಾಡಿ ಸಿಗುವುದಿಲ್ಲ. ಸಿಕ್ಕರೂ ಒಂದಿಷ್ಟು ಸಿಕ್ಕು ತಪ್ಪಿಹೋಗುತ್ತದೆ. ಕಡಗ ಮಾಡಿದ ಪರದೇಶದವರಿಗೆ ಇದು ಹೊಳೆದೇ ಇರಲಿಲ್ಲ.

ಕಂಡುಹಿಡಿದವನು ಮೌನೇಶ. ಊರೂರಿಗೆ ಹೋಗಿ ಐವತ್ತೆರಡು ಮುದುಕಿಯರ ಹಚ್ಚೆ ಕೈಗೆ ಕಡಗ ಕಟ್ಟಿ, ಚಹಾ ಕುಡಿಸಿ, ಅಲುಗಾಡದಂತೆ ಕೂರಿಸಿ, ಬಂದ ಅಂಕಿಗಳನ್ನೆಲ್ಲ ಬರೆದುಕೊಂಡಿದ್ದ. ಅವನ್ನೇ ಪಾಳಿಯ ಪರೀಕ್ಷೆಗೆ ಪ್ರಶ್ನೆ ಮಾಡಿದ. ಐವತ್ತೆರಡಕ್ಕೂ ಸರಿಯುತ್ತರ ಒಂದೇ: 'ಗೊತ್ತಿಲ್ಲ. ಒಳಗೇ ಇರಲಿ.' ನಾಡಿ ಸಿಗದಿದ್ದರೆ ಆ ಮುದುಕಿಯನ್ನು ಎಬ್ಬಿಸಕೂಡದು. ಅಷ್ಟೇ.

ಹಾಗಾಗಿ ಹಚ್ಚೆ ಕೈಯವರ ಕಡಗ ನಡುಗುತ್ತಲೇ ಇರಲಿಲ್ಲ. ಊರಿನ ಹೆಂಗಸರು ಚೇಷ್ಟೆ ಮಾಡುತ್ತಿದ್ದರು. "ಹಚ್ಚಿ ಹಾಕಿಸ್ಕೊಂಡೋರು ಪುಣ್ಯವಂತರು, ಒಮ್ಮೆ ಕುಂತ್ರ ಮುಗೀತು."

ತಾಯಮ್ಮನಿಗೆ ಅದು ಚೇಷ್ಟೆಯಾಗಿ ಕೇಳುತ್ತಿರಲಿಲ್ಲ.

"ಅಂಬವ್ವ, ಈ ಸಲನೂ ನನ್ನ ಕಡಗ ಹಂಗ ಸುಮ್ಮನಿರ್ತದೇನು?"

"ಹೌದತ್ತಿ. ನೀ ಆರಾಮ ಕುಂದ್ರು."

"ಏನು ಆರಾಮ? ಹ್ವಾದ ವರ್ಷ ಮೂರು ತಾಸು ಕುಂತೆ ನಾ. ಆ ಕಂಬಾರ ಪಾರೋತಿ ತುಂಬಿದ ಬಸುರಿ, ಹೊರಗ ಗ್ವಾಡಿಗೆ ಆತಗೊಂಡು ನಿಂತಿದ್ಳು. ಕಿಟಕ್ಯಾಗಿಂದ ನನ್ನ ಮಾರಿ ನೋಡತಿದ್ಳು. ಭೂಮಿ ಬಾಯಿ ತೆರೀಲಿ ಅನ್ನಿಸ್ತು. ಎಪ್ಪತ್ತೆಂಟಾತು ನನಗ. ಇನ್ನೊಬ್ರ ಪಾಳಿ ಕಸಕೊಂಡು ಕುಂದ್ರಬೇಕಾ?"

"ಯಾರ ಪಾಳೀನೂ ನೀ ಕಸಕೊಂಡಿಲ್ಲ. ಕಡಗ ಹೇಳ್ದಂಗ ಕೇಳು. ಅದು ನಡುಗಿದ್ರ ಏಳು, ಇಲ್ಲಾಂದ್ರ ಕುಂದ್ರು. ಮುಗೀತು."

"ಕೇಳ್ತೀನಿ ಬಿಡವ್ವ. ನೀ ಮಾಡಿದ್ದು ಅದು. ನೀ ಹೇಳ್ದಂಗ ಆತು." ತಾಯಮ್ಮ ಕೈ ಚಾಚಿದಳು. ಬಡಕಲು ಕೈ, ಕಡಗ ಸಡಿಲವಾಗಿತ್ತು. ಅಂಬಮ್ಮ ಪಟ್ಟಿಯನ್ನು ಒಂದು ತೂತು ಬಿಗಿಮಾಡಿದಳು. ಚೇಳಿನ ಕೊಂಡಿ ಕಡಗದ ಅಂಚಿನಿಂದ ಹೊರಗೆ ಇಣುಕುತ್ತಿತ್ತು.

*

ಸೋಮವಾರ, ಮಂಗಳವಾರ ಒಣ ಬಿಸಿಲು. ತಂಪುಮನೆಗಳು ಅರ್ಧವೂ ತುಂಬಲಿಲ್ಲ. ಯಾರನ್ನೂ ಎಬ್ಬಿಸುವ ಪ್ರಸಂಗ ಬರಲಿಲ್ಲ. ಹೊಸ ಗುಮಾಸ್ತ ಚೆನ್ನಾಗಿ ನಡೆದಿದೆ ಎಂದು ಅಂಬಮ್ಮ ತಿಳಿದಳು. ಮೌನೇಶನಿಗೆ ಫೋನು ಮಾಡಬೇಕು, ಆಡಿದ ಮಾತಿಗೆ ತಪ್ಪಾಯಿತು ಅನ್ನಬೇಕು ಎಂದು ಎರಡು ಸಲ ಫೋನು ಕೈಗೆತ್ತಿಕೊಂಡು ಎರಡು ಸಲವೂ ಕೆಳಗಿಟ್ಟಳು.

ಮಂಗಳವಾರ ಸಂಜೆ ಅಡ್ಡಮಳೆ ಹೊಡೆಯಿತು. ಕಾದ ಹೆಂಚಿನ ಮೇಲೆ ನೀರು ಚಿಮುಕಿಸಿದ ಹಾಗೆ ನೆಲದಿಂದ ಹಬೆ ಎದ್ದಿತು. ಬುಧವಾರ ಹತ್ತು ಗಂಟೆಗೆ ಗಾಳಿ ಸತ್ತಿತು. ಎಲೆ ಅಲುಗಲಿಲ್ಲ. ಒದ್ದೆ ಕಾವು ಬಂತು.

ಹನ್ನೊಂದಕ್ಕೆ ಎಲ್ಲ ತಂಪುಮನೆಗಳೂ ತುಂಬಿದವು. ಹೊರಗೆ ಸಾಲು ಬೆಳೆಯಿತು. ಗೋದಾಮಿನ ಪರದೆಯ ಮೇಲೆ ಹೆಸರುಗಳು ಹೊರಳಿದವು: ಒಳಗೆ, ಹೊರಗೆ, ಒಳಗೆ, ಹೊರಗೆ. ಅಂಬಮ್ಮ ನೀರು ಕುಡಿಯುವುದನ್ನೂ ಮರೆತು ನೋಡುತ್ತ ಕೂತಳು. ಎಲ್ಲಿಯೂ ಗಲಾಟೆಯಿಲ್ಲ. ಪಾಳಿ ಹಿಂದಿನ ವರ್ಷಕ್ಕಿಂತ ಚುರುಕಾಗಿ ಸಾಗುತ್ತಿತ್ತು. ಬಾಗಿಲ ಹೊರಗೆ ನಿಂತವರಿಗೆ ಬೇಗ ಬೇಗ ಜಾಗ ಸಿಗುತ್ತಿತ್ತು. ಬಲಗಡೆಯ ಒಂದು ಕಾಲಮ್ಮಿನಲ್ಲಿ ನಾಡಿ ಸಿಗದವರ ಸಂಖ್ಯೆ ಬರುತ್ತದೆ. ಅದರ ತಲೆಬರಹ 'ಗೊತ್ತಿಲ್ಲ'. ಪ್ರತಿ ವರ್ಷ ಇಂಥ ದಿನ ಅಲ್ಲಿ ಮುನ್ನೂರು, ನಾನೂರು ಇರುತ್ತಿತ್ತು. ಅವತ್ತು ಸೊನ್ನೆ. ಅಂಬಮ್ಮ ಅದನ್ನು ಕಂಡಳು. ಕಂಡು, ಹೊಸ ಪ್ಯಾಕೇಜು ಕಡಗವನ್ನು ಚೆನ್ನಾಗಿ ಓದುತ್ತಿದೆ ಎಂದು ಖುಷಿಪಟ್ಟಳು.

ಎರಡೂ ಹತ್ತಕ್ಕೆ ಮೌನೇಶನ ಫೋನು ಬಂತು. ಗುಂಜಳ್ಳಿಯ ಯಂತ್ರ ರಿಪೇರಿಯಾಗಿತ್ತು. ಅವನ ದನಿಯಲ್ಲಿ ಸೋಮವಾರದ ಸಿಟ್ಟು ಇನ್ನೂ ಆರಿರಲಿಲ್ಲ.

"ಕೆಲಸದ ಮಾತು ಅಷ್ಟ. ಗೊತ್ತಿಲ್ಲ ಎಷ್ಟು ತೋರಸ್ತದ?"

"ಸೊನ್ನೆ," ಅಂದಳು ಅಂಬಮ್ಮ, ಸ್ವಲ್ಪ ಜಂಬದಿಂದಲೇ.

ಆ ಕಡೆಯಿಂದ ತಂಪು ಯಂತ್ರದ ಗುಂಯ್ ಅನ್ನುವ ಶಬ್ದ ಕೇಳಿತು.

"ಸೊನ್ನೆ? ಯಾಕ, ಮುದುಕೇರ ಕೈಮ್ಯಾಲಿನ ಹಚ್ಚಿ ಎಲ್ಲಾ ಅಳಿಸಿಹೋದ್ವೇನು?"

ಅಂಬಮ್ಮ ಕುರ್ಚಿಯನ್ನು ಪರದೆಯ ಹತ್ತಿರಕ್ಕೆ ಎಳೆದುಕೊಂಡಳು.

ಅವಳು ಸರಿಯುತ್ತರಗಳ ಪಟ್ಟಿಯನ್ನು ತೆರೆದಳು. ಹಚ್ಚೆ ಕೈಯ ಭಾಗಕ್ಕೆ ಇಳಿದಳು. ಎಡಗಡೆ ಹಳೆಯ ಉತ್ತರ, ಬಲಗಡೆ ಹೊಸದು. ಹದಿನೇಳನೆಯ ಸಾಲು: ತಾಯಮ್ಮ, ಬಲಗೈ, ಚೇಳು. ಎಡಗಡೆ 'ಗೊತ್ತಿಲ್ಲ. ಒಳಗೇ ಇರಲಿ.' ಬಲಗಡೆ 'ತಣಿದಿದ್ದಾಳೆ. ಹೊರಗೆ.' ಐವತ್ತೆರಡೂ ಹಾಗೇ. ಎಲ್ಲದರ ಮುಂದೆ ಹಸಿರು ಗುರುತು. ಕೆಳಗೆ: ನೋಡ್ದೆ, ಅಂಬಮ್ಮ. ನೋಡ್ದೆ, ಶೀನ ಶೇರಿಗಾರ.

ಸರಾಸರಿ ಹಾಕುವ ಒಂದು ಸಣ್ಣ ಪ್ಯಾಕೇಜು. ಅದರ ಹಳೆಯ ಆವೃತ್ತಿ, ಅಂಕಿ ಸಿಗದಿದ್ದರೆ ಸಿಗಲಿಲ್ಲ ಎಂದು ಹೇಳುತ್ತಿತ್ತು. ಹೊಸದು ಖಾಲಿ ಜಾಗ ಬಿಡುವುದಿಲ್ಲ. ಅಕ್ಕಪಕ್ಕ ಕೂತವರ ಅಂಕಿಗಳನ್ನು ನೋಡಿ ಅಂದಾಜಿನಲ್ಲಿ ತುಂಬಿಬಿಡುತ್ತದೆ. ತಾಯಮ್ಮನ ನಾಡಿ ಸಿಗಲಿಲ್ಲ. ಪಕ್ಕದಲ್ಲಿ ಕೂತ ಇಪ್ಪತ್ತರ ಹುಡುಗಿಯ ನಾಡಿ ತಣಿದಿತ್ತು. ಹಾಗಾದರೆ ತಾಯಮ್ಮನೂ ತಣಿದಿದ್ದಾಳೆ. ಬರೆದವನು ಮೋಸ ಮಾಡಿರಲಿಲ್ಲ. ಬದಲಾವಣೆಯ ಟಿಪ್ಪಣಿಯಲ್ಲಿ ಒಂದು ಸಾಲು ಇತ್ತು: ಬಿಟ್ಟುಹೋದ ಅಂಕಿಗಳನ್ನು ಈಗ ತುಂಬಲಾಗುತ್ತದೆ.

"ಹಿಂದಕ್ಕ ತಗೀತೀನಿ ಮೌನೇಶ, ಹಳೇದಕ್ಕ ತಗೀತೀನಿ. ನೋಡ್ದೆ ಬೇಕು. ಇನ್ನೊಂದು ನೋಡ್ದೆ ಬೇಕು!"

"ಕಳಿಸು."

ಕಳಿಸಿದಳು. ನಾಲ್ಕು ಸೆಕೆಂಡು. ಪರದೆಯ ಮೇಲೆ ಬಂತು: ನೋಡ್ದೆ, ಮೌನೇಶ. ಐದು ವರ್ಷದಲ್ಲಿ ಅವನು ಓದದೆ ಬರೆದದ್ದು ಅದೊಂದೇ.

ಹಳೆಯ ಪಾಳಿ ಹಳ್ಳಿಗಳಿಗೆ ಇಳಿಯಿತು. ಆದರೆ ಕಡಗಗಳಿಗೆ ಸುದ್ದಿ ಮುಟ್ಟುವುದು ಕಾಲು ತಾಸಿಗೊಮ್ಮೆ. ಅಂಬಮ್ಮ ಅಷ್ಟು ಹೊತ್ತು ಕಾಯದೆ ಕಲ್ಲಗೋನಾಳದ ತಂಪುಮನೆ ನೋಡಿಕೊಳ್ಳುವ ರಜಿಯಾಳಿಗೆ ಫೋನು ಮಾಡಿದಳು.

"ರಜಿಯಾ, ಅತ್ತಿ ಎಲ್ಲಿ? ಎಬ್ಬಿಸಬ್ಯಾಡ ಅಕಿನ್ನ. ಕಡಗ ನಡುಗಿದ್ರೂ ಎಬ್ಬಿಸಬ್ಯಾಡ!"

"ಆಯಿ ಹೋದ್ಳಲ್ಲಕ್ಕ. ಹನ್ನೆರಡೂಮುಕ್ಕಾಲಕ್ಕ ಕಡಗ ನಡುಗ್ತು, ಹೋದ್ಳು."

"ಮನಿಗೆ ಹೋಗಿ ನೋಡು. ಓಡು!"

ಫೋನು ಹಾಗೇ ಇತ್ತು. ರಜಿಯಾಳ ಚಪ್ಪಲಿಯ ಸದ್ದು, ಏದುಸಿರು, ಚಿಲಕದ ಸದ್ದು. "ಮನ್ಯಾಗ ಇಲ್ಲಕ್ಕ. ಬೀಗ ಹಾಕೇದ." ಮತ್ತೆ ಚಪ್ಪಲಿ. "ಸಾಲಿ ಕಡೆ ನೋಡ್ತೀನಿ. ಅಲ್ಲಿ ನೆಳ್ಳು ಅದ." ಇನ್ನೂ ಸ್ವಲ್ಪ ಹೊತ್ತು ಚಪ್ಪಲಿ. ಆಮೇಲೆ ಚಪ್ಪಲಿಯ ಸದ್ದು ನಿಂತಿತು.

"ಅಕ್ಕಾ," ಅಂದಳು ರಜಿಯಾ.

ತಾಯಮ್ಮ ಶಾಲೆಯ ಗೋಡೆಗೆ ಒರಗಿ ಕೂತಿದ್ದಳಂತೆ. ತಂಪುಮನೆಯಿಂದ ಇನ್ನೂರು ಹೆಜ್ಜೆ.

*

ಒಂಬತ್ತು ಹಳ್ಳಿಗಳಲ್ಲಿ ಹನ್ನೊಂದು ಹೆಂಗಸರು ಸತ್ತರು. ಎಲ್ಲರೂ ಎಪ್ಪತ್ತು ದಾಟಿದವರು, ಎಲ್ಲರ ಕೈಯಲ್ಲೂ ಹಚ್ಚೆ. ಹೊರಗೆ ಹೋದ ಉಳಿದವರನ್ನು ನೆರೆಯವರು ಹುಡುಕಿ ಹೊತ್ತು ತಂದರು, ಬದುಕಿಕೊಂಡರು.

ಅಧಿಕಾರಿಗಳು ಬಂದರು, ಕ್ಯಾಮೆರಾದವರು ಬಂದರು. ಮುದುಕಿಯರು ಕಡಗ ಸರಿಯಾಗಿ ಕಟ್ಟಿಕೊಂಡಿರಲಿಲ್ಲ ಎಂದು ಬರೆದರೆ ಎಲ್ಲರಿಗೂ ಸುಲಭ ಎಂದು ಒಬ್ಬರು ಮೆಲ್ಲಗೆ ಸೂಚಿಸಿದರು. ಅಂಬಮ್ಮ ಅವರ ಎದುರೇ ಪಾಳಿಯ ಪುಟ ತೆರೆದು, ಜಗತ್ತೆಲ್ಲ ಓದುವ ಜಾಗದಲ್ಲಿ ಬರೆದಳು: 'ಕಡಗ ಸರಿ ಇತ್ತು. ನಾನೇ ಬಿಗಿಮಾಡಿದ್ದೆ. ನೋಡದೆ ನೋಡ್ದೆ ಅಂತ ಬರೆದೆ.' ಶೇರಿಗಾರರು ಕೆಳಗೆ ತಮ್ಮ ಹೆಸರು ಸೇರಿಸಿದರು. ಪ್ಯಾಕೇಜು ಬರೆದವನು ಯಾವುದೋ ದೇಶದ ವಿದ್ಯಾರ್ಥಿ, ಇಪ್ಪತ್ತೆರಡರವನು. ಹಚ್ಚೆ ಅಂದರೇನೆಂದು ಕೇಳಿ ತಿಳಿದುಕೊಂಡು ಉದ್ದ ಕಾಗದ ಬರೆದ. ಯಾರೂ ಉತ್ತರ ಕೊಡಲಿಲ್ಲ.

ಮೌನೇಶ 'ನಾ ಮೊದಲೇ ಹೇಳಿದ್ದೆ' ಅನ್ನುತ್ತಾನೆ ಎಂದು ಅಂಬಮ್ಮ ಕಾದಿದ್ದಳು. ಅಂದಿದ್ದರೆ ಹಗುರಾಗುತ್ತಿತ್ತು. ತಾಯಮ್ಮನ ದಿನಗಳ ಕಾರ್ಯ ಮುಗಿದ ಮೇಲೆ ಗೋದಾಮಿಗೆ ಬಂದ ಅವನು ಅವಳ ಮುಂದೆ ಕುರ್ಚಿ ಎಳೆದು ಕೂತ.

"ಎರಡು ದಿನ ಕೊಡು ಅಂದೆ ನಿನಗ. ಸೋಮವಾರ, ಮಂಗಳವಾರ, ಎರಡು ದಿನ ನನಗೂ ಇದ್ವು ಅಂಬಕ್ಕ. ಎಲ್ಲಾ ಬಯಲಾಗ ಇತ್ತು. ಫೋನಿನ್ಯಾಗ ತೆರದು ಓದಬಹುದಿತ್ತು. ಸಿಟ್ಟಿನಾಗ ತೆರೀಲಿಲ್ಲ. ಕೆಡಲಿ, ಇಕಿಗೆ ಬುದ್ಧಿ ಬರಲಿ ಅಂತ ಕುಂತೆ." ಅವನು ಅಂಗೈಯಿಂದ ಮುಖ ಉಜ್ಜಿಕೊಂಡ. "ಆ ಕೈ ನಾನ ಹಿಡಿದಿದ್ದೆ."

ಅಂಬಮ್ಮ ಕಲ್ಲಗೋನಾಳದ ತಂಪುಮನೆಯ ಬಾಗಿಲ ಮೇಲಿನ ಕ್ಯಾಮೆರಾದ ಆ ಬುಧವಾರದ ಚಿತ್ರವನ್ನು ಪರದೆಗೆ ಹಾಕಿದಳು.

"ಬ್ಯಾಡಕ್ಕ," ಅಂದ ಮೌನೇಶ.

"ಹನ್ನೊಂದು ಸಾವು ನೋಡ್ದೆ ಅಂತ ನಾ ಬರೀಬೇಕು. ನೋಡಿ ಬರೀತೀನಿ."

ಚಿತ್ರದಲ್ಲಿ ಸಾಲುಬೆಂಚು, ಗೋಡೆಗಂಟಿ ಕೂತ ಹೆಂಗಸರು. ಬಾಗಿಲ ಹತ್ತಿರ, ನಾಲ್ಕು ಮಡಿಕೆ ಮಾಡಿದ ಕೌದಿಯ ಮೇಲೆ ತಾಯಮ್ಮ. ಹನ್ನೆರಡು ನಲವತ್ತಾರು. ಅವಳ ಕೈ ಚಕ್ಕನೆ ಅಲುಗಿತು. ತಾಯಮ್ಮ ಕಡಗವನ್ನು ನೋಡಿದಳು, ಕಿವಿಯ ಹತ್ತಿರ ಹಿಡಿದಳು, ಮತ್ತೆ ನೋಡಿದಳು. ಆಮೇಲೆ ಅವಳ ಮುಖ ಅರಳಿತು. ಐದು ವರ್ಷದಲ್ಲಿ ಮೊದಲ ಸಲ ಕಡಗ ನಡುಗಿತ್ತು.

"ನಡುಗ್ತು ನೋಡು ಕಡೀಗೂ!" ದನಿ ಸ್ಪಷ್ಟವಾಗಿ ಕೇಳಿತು. "ನನ್ನನ್ನೂ ಎಬ್ಬಿಸ್ತದ ಇದು. ನನಗೂ ಪಾಳಿ ಅದ."

ರಜಿಯಾ ಬಾಗಿಲ ಕಡೆಯಿಂದ ಬಂದಳು. "ಇನ್ನೊಂಚೂರು ಕುಂದ್ರಾಯಿ. ಮಾರಿ ಕೆಂಪಗದ ನಿಂದು. ನಾ ಯಾರಿಗೂ ಹೇಳಂಗಿಲ್ಲ."

"ಥೂ, ಕದ್ದು ಕುಂದ್ರಲೇನು? ನನ್ನ ಸೊಸಿ ಮಾಡಿದ್ದು ಅದು. ಸುಳ್ಳ ಹೇಳಂಗಿಲ್ಲ."

ತಾಯಮ್ಮ ಮೊಣಕಾಲು ಹಿಡಿದು ಎದ್ದಳು. ಹೊರಗಿನಿಂದ ಕಂಬಾರ ಪಾರೋತಿ, ಕಂಕುಳಲ್ಲಿ ಹತ್ತು ತಿಂಗಳ ಕೂಸು, ಒಳಗೆ ಬಂದಳು. ತಾಯಮ್ಮ ಅವಳ ರಟ್ಟೆ ಹಿಡಿದು ತನ್ನ ಜಾಗದಲ್ಲಿ ಕೂರಿಸಿದಳು. "ಕೌದಿ ಇಲ್ಲೇ ಇರಲಿ, ಕೂಸಿನ್ನ ಹಾಕು ಅದರ ಮ್ಯಾಲೆ. ಸಂಜೀಕ ಒಯ್ತೀನಿ." ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು. ಎರಡೂ ಕೈಯಿಂದ ದಪ್ಪ ಬಾಗಿಲನ್ನು ನೂಕಿದಳು. ಬಿಳಿ ಬೆಳಕು ಒಳಗೆ ನುಗ್ಗಿ ಚಿತ್ರ ಒಂದು ಕ್ಷಣ ಏನೂ ಕಾಣದಂತಾಯಿತು. ಬಾಗಿಲು ತಾನೇ ಮುಚ್ಚಿಕೊಂಡಿತು.

ಮೌನೇಶ ನಿಲ್ಲಿಸಲು ಕೈ ಚಾಚಿದ. ಅಂಬಮ್ಮ ಅವನ ಕೈ ಸರಿಸಿದಳು.

ಚಿತ್ರ ಓಡುತ್ತಲೇ ಇತ್ತು. ಕೌದಿಯ ಮೇಲೆ ಕೂಸು ನಿದ್ದೆ ಮಾಡಿತು. ಬಾಗಿಲು ತೆರೆಯಿತು; ಯಾರೋ ಬಂದರು. ಮತ್ತೆ ತೆರೆಯಿತು, ಯಾರೋ ಹೋದರು. ಒಂದೂ ಕಾಲು, ಎರಡು, ಮೂರೂವರೆ. ಬಾಗಿಲು ತೆರೆದು ಬೆಳಕು ಬಿದ್ದಾಗಲೆಲ್ಲ ಅಂಬಮ್ಮ ಕುರ್ಚಿಯಿಂದ ತುಸು ಮುಂದಕ್ಕೆ ಬಾಗಿದಳು. ಸಂಜೆ ಕಾವು ಇಳಿಯಿತು. ಹೆಂಗಸರು ಒಬ್ಬೊಬ್ಬರೇ ಎದ್ದರು. ಪಾರೋತಿ ಕೂಸನ್ನು ಎತ್ತಿಕೊಂಡು, ಕೌದಿಯನ್ನು ಕೊಡವಿ, ಮಡಿಸಿ, ಬಾಗಿಲ ಪಕ್ಕದ ಬೆಂಚಿನ ಮೇಲೆ ಇಟ್ಟು ಹೋದಳು. ರಜಿಯಾ ದೀಪ ಆರಿಸಿದಳು. ಕೌದಿ ಅಲ್ಲೇ ಇತ್ತು.